ಅಂಗಡಿಯ ತೂಕ, ಆಸ್ಪತ್ರೆಯ ತೂಕ

ಗುಜರಿ ಅಂಗಡಿಯ ಮಹಡಿ ಕೋಣೆ
ಭಾನುವಾರ, ಊಟದ ಹೊತ್ತು (ಊಟ ಆಗಿಲ್ಲ)

ಪ್ರೀತಿಯ ಅಣ್ಣಾ,

ಅಲ್ಲ, ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತಲ್ಲ, ಅಲ್ಲಿಂದಲೇ ಹಿಡಿಯುತ್ತೇನೆ. “ಚಿಕ್ಕಪ್ಪಾ, ಎಷ್ಟಾಯ್ತು ಅಂತ ಅಪ್ಪ ಕೇಳ್ತಿದ್ದಾರೆ” ಅಂದಳು ನಿನ್ನ ಮಗಳು. ಹೇಗಿದ್ದೀರ ಅಂತಲ್ಲ, ಊಟ ಆಯ್ತಾ ಅಂತಲ್ಲ. ಎಷ್ಟಾಯ್ತು. ಹಿಂದೆ ನೀನು ಕಬ್ಬಿಣದ ರೇಟು ಕೇಳುತ್ತಿದ್ದದ್ದೂ ಇದೇ ರಾಗದಲ್ಲಿ. “ಇನ್ನೂ ಸ್ವಲ್ಪ ಇದೆಯಮ್ಮಾ” ಅಂದೆ. ಹಿಂದಿನಿಂದ ನಿನ್ನ ದನಿ ಕೇಳಿಸಿತು, ನೀನು ನನಗಿಟ್ಟ ಅದೇ ಹಳೆಯ ಹೆಸರು ಹಿಡಿದು: “ಮೂಟೆಗೆ ಹೇಳು, ನನಗೆ ಅಷ್ಟು ಟೈಮಿಲ್ಲ.” ಅಷ್ಟರಲ್ಲಿ ಲೈನು ಹೋಯಿತು. ಹೋಯಿತೋ, ನಾನೇ ಇಟ್ಟೆನೋ.

ಇರಲಿ. ಮೊದಲು ಆರೋಗ್ಯ ವಿಚಾರಿಸಬೇಕು, ಪತ್ರಕ್ಕೊಂದು ಕ್ರಮ ಅಂತ ಇದೆ. ಕಾಲಿನ ಬಾವು ಇಳಿಯಿತೇ? ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತಲ್ಲ, ಈಗಲೂ ಹಾಗೆಯೇ? ರಕ್ತ ತೊಳೆಯುವ ಯಂತ್ರಕ್ಕೆ ಕೂರಿಸುವ ಮೊದಲೊಮ್ಮೆ, ಎಬ್ಬಿಸಿದ ಮೇಲೊಮ್ಮೆ ನಿನ್ನನ್ನು ತೂಗುತ್ತಾರಂತೆ. ಕೇಳಿ ನಗು ಬಂತು, ಕೋಪ ಮಾಡಿಕೊಳ್ಳಬೇಡ. ಊರವರ ಬಕೆಟ್ಟು, ಬೀಗ, ಮುರಿದ ಸೈಕಲ್ಲು ಎಲ್ಲ ತೂಗಿದವರು ನಾವು. ಈಗ ನಮ್ಮಿಬ್ಬರನ್ನೂ ನರ್ಸ್ ಹುಡುಗಿಯರು ತೂಗುತ್ತಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ಅಮ್ಮ ಹೇಳುತ್ತಿದ್ದಳು. ನಿನಗೆ ಉಪ್ಪನ್ನೂ ನಿಲ್ಲಿಸಿದ್ದಾರೆ, ನೀರನ್ನೂ ಲೋಟದಲ್ಲಿ ಅಳೆದು ಕೊಡುತ್ತಾರೆ. ಗಾದೆ ಕಟ್ಟಿದವನಿಗೂ ಇದು ಹೊಳೆದಿರಲಿಕ್ಕಿಲ್ಲ.

ಫೋನು ಬಿಟ್ಟು ಪತ್ರ ಯಾಕೆ ಅಂತೀಯ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ. ನಲವತ್ತು ವರ್ಷದಿಂದ ನನ್ನ ಯಾವ ವಾಕ್ಯಕ್ಕೂ ನೀನು ಪೂರ್ಣವಿರಾಮ ಹಾಕಲು ಬಿಟ್ಟಿಲ್ಲ. ಕಣ್ಣು ಮಂಜಾಗಿದೆಯಂತೆ, ಆದ್ದರಿಂದ ಇದನ್ನು ನಿನ್ನ ಮಗಳೇ ಓದಿ ಹೇಳುತ್ತಾಳೆ. ಮಗಳೇ, ಜೋರಾಗಿ ಓದು. ಅಪ್ಪನಿಗೆ ಬೇಜಾರಾಗುತ್ತೆ ಅಂತ ಸಾಲು ಹಾರಿಸಬೇಡ. ನಿನಗೆ ಗೊತ್ತಿಲ್ಲದ ಸಂಗತಿಗಳೂ ಇವೆ, ಕೇಳಿಸಿಕೊ. ನಿನ್ನಪ್ಪ ನನ್ನನ್ನು ಸಾಕಿದ ಕಥೆ.

ನಾನು ಹುಟ್ಟಾ ದಪ್ಪ ನಿಜ. ಆದರೆ ಮೂಟೆ ಮಾಡಿದವನು ನೀನು, ಅಣ್ಣಾ. ಲಾರಿ ತುಂಬಿ ಕಾರ್ಖಾನೆಗೆ ಕಬ್ಬಿಣ ಹೊರಟಾಗ ವೆಯ್‌ಬ್ರಿಡ್ಜಿನಲ್ಲಿ ಎರಡು ಸಲ ತೂಗುತ್ತಿದ್ದರು, ಮಾಲು ಇದ್ದಾಗ ಒಂದು ಸಲ, ಇಳಿಸಿದ ಮೇಲೆ ಒಂದು ಸಲ. ಮಾಲು ಇದ್ದಾಗ ನಾನು ಟಾರ್ಪಾಲಿನ ಕೆಳಗೆ, ತುಕ್ಕು ಹಿಡಿದ ಪೈಪುಗಳ ನಡುವೆ ಉಸಿರು ಹಿಡಿದು ಮಲಗಿರುತ್ತಿದ್ದೆ. ಖಾಲಿ ಲಾರಿ ತೂಗುವ ಹೊತ್ತಿಗೆ ಎದುರಿನ ಚಹಾದಂಗಡಿಯಲ್ಲಿ ಬನ್ನು ತಿನ್ನುತ್ತಿದ್ದೆ. ನನ್ನ ಮೈ ಪ್ರತಿ ವಾರ ಕಬ್ಬಿಣದ ರೇಟಿಗೆ ಮಾರಾಟವಾಗಿ, ಪ್ರತಿ ವಾರ ಮನೆಗೆ ವಾಪಸು ಬರುತ್ತಿತ್ತು. ಯಾವ ವ್ಯಾಪಾರಿಗೆ ಸಿಕ್ಕಿದೆ ಅಂಥ ಸರಕು! ತಟ್ಟೆಯಲ್ಲಿ ಅನ್ನ ಮುಗಿಯುವ ಮೊದಲೇ ನೀನು ಸೌಟು ಎತ್ತುತ್ತಿದ್ದೆ: “ತಿನ್ನೋ ಮೂಟೆ, ನೀನು ಉಣ್ಣೋದು ಊಟ ಅಲ್ಲ, ಅಂಗಡಿಯ ಬಂಡವಾಳ.” ಎಲ್ಲರೂ ನಗುತ್ತಿದ್ದರು. ನಾನೂ. ಪ್ರೀತಿ ಅಂದರೆ ಸೌಟು ಅಂದುಕೊಂಡಿದ್ದೆ.

ಕಾಲೇಜು ಬಿಡಿಸಿದ್ದೂ ಅದಕ್ಕೇ ತಾನೇ. ಎಕನಾಮಿಕ್ಸ್ ಮೇಷ್ಟ್ರು ಬೋರ್ಡಿನ ಮೇಲೆ ಲಾ ಆಫ್ ಡಿಮಿನಿಶಿಂಗ್ ಅಂತ ಬರೆದಿದ್ದರು, ಅಷ್ಟರಲ್ಲಿ ನೀನು ಬಾಗಿಲಲ್ಲಿ ನಿಂತು “ಸಾರ್, ಆ ದಪ್ಪನ ಹುಡುಗನ್ನ ಕಳಿಸಿಕೊಡಿ, ಲೋಡ್ ನಿಂತಿದೆ” ಅಂದೆ. ಕ್ಲಾಸಿಗೆ ಕ್ಲಾಸೇ ಹೋ ಅಂತು. ಡಿಮಿನಿಶಿಂಗ್ ಆದದ್ದು ಏನು ಅಂತ ನನಗೆ ಈವತ್ತಿನವರೆಗೂ ಗೊತ್ತಿಲ್ಲ. ನನ್ನ ಇಂಗ್ಲಿಷು ಆ ಬೋರ್ಡಿನ ಮೇಲೆಯೇ ನಿಂತಿದೆ. ವಿತ್ ರೆಫರೆನ್ಸ್ ಟು ದಿ ಅಬವ್, ಐ ಬೆಗ್ ಟು ಸ್ಟೇಟ್... ಮುಂದೇನು ಅಂತ ಕೇಳಬೇಡ. ಬೆಗ್ ಮಾಡುವ ತನಕ ಬರುತ್ತೆ, ಸ್ಟೇಟ್ ಮಾಡಲು ಬರುವುದಿಲ್ಲ.

ನನ್ನವಳಿಗೆ ಈ ಲೆಕ್ಕ ಮದುವೆಯಾದ ತಿಂಗಳೇ ಗೊತ್ತಾಗಿತ್ತು. ನನ್ನ ಅಂಗಿಗಳ ಪಕ್ಕೆ ಬಿಚ್ಚಿ ಬಟ್ಟೆ ಸೇರಿಸಿ ಹೊಲಿಯುತ್ತಾ “ನಿಮ್ಮಣ್ಣ ನಿಮ್ಮನ್ನ ಕೊಬ್ಬಿಸ್ತಿರೋದು ಯಾವತ್ತೋ ಕಡಿಯೋಕೆ ಕಣ್ರೀ” ಅನ್ನುತ್ತಿದ್ದಳು. ಬಾಯಿ ಮುಚ್ಚೇ ಅಂದೆ, ಒಂದಲ್ಲ, ಎಷ್ಟೋ ಸಲ. ಅವಳನ್ನು ಮಣ್ಣಿಗೆ ಕೊಟ್ಟು ಬಂದ ಸಂಜೆ ನಾನು ಈ ಕೋಣೆಯಲ್ಲೇ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಕೆಳಗೆ ನೀನು ಡ್ರೈವರನಿಗೆ ಹೇಳುತ್ತಿದ್ದೆ: “ಇನ್ನು ಇವನಿಗೆ ಬೇಯಿಸಿ ಹಾಕೋರು ಯಾರು? ಇಳಿದುಬಿಡ್ತಾನೆ ನೋಡು, ಲಾರಿಗೆ ಲಾಸು.” ಹಲಗೆಯ ನೆಲ ಅಣ್ಣಾ, ಕೆಳಗೆ ಪಿಸುಗುಟ್ಟಿದರೂ ಮೇಲೆ ಕೇಳುತ್ತೆ. ಆ ರಾತ್ರಿ ನೀನೇ ಊಟ ಕಳಿಸಿದೆ. ನಾನು ಪೂರ್ತಿ ತಿಂದೆ. ಇದನ್ನು ಯಾಕೆ ಬರೆದೆನೋ. ಅತ್ತಿಗೆಯೂ ಇಲ್ಲ, ಅವಳೂ ಇಲ್ಲ, ನಮ್ಮಿಬ್ಬರನ್ನೂ ಗದರುವವರು ಯಾರೂ ಉಳಿದಿಲ್ಲ.

ಆಮೇಲೆ ನಿನ್ನ ಕಿಡ್ನಿ ಕೈಕೊಟ್ಟವು. ಮಗಳದು ಹೊಂದಲಿಲ್ಲ, ನನ್ನದು ಹೊಂದಿತು. ಡಾಕ್ಟರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ “ಕಿಡ್ನಿ ಚೆನ್ನಾಗಿದೆ, ಅದರ ಸುತ್ತ ಇರೋದು ಬೇಡ. ಎಂಬತ್ತೈದು ಕೆಜಿಗೆ ಇಳಿದು ಬನ್ನಿ” ಅಂದರು. ನೀನು ನನ್ನ ಜೀವಮಾನದಲ್ಲಿ ಮೊದಲ ಸಲ ನನ್ನ ತಟ್ಟೆ ಕಡೆ ಕಣ್ಣು ಕೆಂಪಗೆ ಮಾಡಿದೆ: “ಸಾಕು ಮಾಡೋ, ನನ್ನ ಪ್ರಾಣ ತಿಂತಿದ್ದೀಯ.” ಅದೇ ಬಾಯಿ, ಅದೇ ಸೌಟು. ಕೇಳುವುದೂ ಬೇಡವೇ, ಕೊಡ್ತೀಯೇನೋ ಅಂತ? ಕೇಳಲಿಲ್ಲ ನೀನು. ಗೋದಾಮಿನಲ್ಲಿರುವ ಮಾಲು ಕೇಳಿ ತೆಗೆದುಕೊಳ್ಳುವವರು ಯಾರು.

ಮಗಳ ಮನೆಗೆ ಹೊರಟ ದಿನ ಟ್ಯಾಕ್ಸಿಯ ಬಾಗಿಲು ಹಿಡಿದು ನೀನು ಹೇಳಿದ ಮಾತು ಮಾತ್ರ ಮರೆಯುವಂಥದ್ದಲ್ಲ. “ಇನ್ನು ಯಾರಿಗೂ ಮೋಸ ಬೇಡ ಕಣೋ. ತಕ್ಕಡಿ ಎರಡನ್ನೂ ಸರಿ ಮಾಡಿದ್ದೀನಿ. ಆ ಪಾಪ ಹೊತ್ಕೊಂಡು ಹೋಗಲಾರೆ.” ಮೂಟೆ ಇಡುವ ಹಲಗೆಯ ದೊಡ್ಡ ತಕ್ಕಡಿಯ ದಂಡಿಯ ಮೇಲೆ ಜಾರುವ ಗುಂಡಿನ ಹೊಟ್ಟೆ ಕೊರೆದು ಸೀಸ ತುಂಬಿದ್ದು ನೀನು, ತಾಮ್ರ ತೂಗುವ ಚಿಕ್ಕ ತಕ್ಕಡಿಯ ಕಲ್ಲುಗಳ ತಳಕ್ಕೂ ತುಂಬಿದ್ದು ನೀನು; ಮಾರಲು ಬಂದವರ ಸಾಮಾನು ಹತ್ತು ಕೆಜಿ ಇದ್ದರೆ ನಮ್ಮಲ್ಲಿ ಒಂಬತ್ತು ತೋರಿಸುತ್ತಿತ್ತು. ಅದನ್ನೆಲ್ಲ ತೆಗೆದೆ ಅಂದೆ. ನೋಡಿದರೆ ಹೌದು, ಗುಂಡಿಗೂ ಕಲ್ಲಿಗೂ ಹೊಸ ಹಸಿರು ಬಣ್ಣ ಹೊಳೆಯುತ್ತಿತ್ತು. ಸಾಯುವ ಕಾಲಕ್ಕೆ ಅಣ್ಣ ಮನುಷ್ಯನಾದ ಅಂತ ಬಚ್ಚಲಲ್ಲಿ ನಿಂತು ಅತ್ತೆ.

ಮಾರನೆಯ ದಿನದಿಂದಲೇ ನಡೆಯತೊಡಗಿದೆ. ಗೇಟಿನಿಂದ ವೆಯ್‌ಬ್ರಿಡ್ಜಿನವರೆಗೆ, ಅಲ್ಲಿಂದ ವಾಪಸು, ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ. ಮೊದಲ ವಾರ ತೊಡೆ ತೊಡೆ ಉಜ್ಜಿ ಚರ್ಮ ಸುಲಿದು, ರಾತ್ರಿ ಫ್ಯಾನಿನ ಕೆಳಗೆ ಕಪ್ಪೆಯ ಹಾಗೆ ಮಲಗಿದೆ. ಆಸ್ಪತ್ರೆಯ ಡಯಟ್ ಮೇಡಂ ಕ್ಯಾಲೊರಿಯ ಪಾಠ ಹೇಳಿದರು: ಅನ್ನಕ್ಕೆ ಇಷ್ಟು, ಮೊಟ್ಟೆಗೆ ಇಷ್ಟು, ಎಣ್ಣೆ ಕಂಡರೆ ಓಡಿ. ನಾನು ಅನ್ನವನ್ನು ತಾಮ್ರದ ತಕ್ಕಡಿಯಲ್ಲಿ ತೂಗಿ ತಿಂದೆ. ಒಂದು ಆಲೂಗಡ್ಡೆಯ ಮುಂದೆ ಕೂತು, ಇದನ್ನು ಈಗ ತಿನ್ನಲೋ ರಾತ್ರಿಗೆ ಇಡಲೋ ಅಂತ ಅರ್ಧ ಗಂಟೆ ಯೋಚಿಸಿದ ಮನುಷ್ಯನನ್ನು ನೀನು ನೋಡಿದ್ದೀಯಾ? ವೆಯ್‌ಬ್ರಿಡ್ಜಿನವನು ಕಿಟಕಿಯಿಂದ ತಲೆ ಹಾಕಿ “ಏನ್ ಯಜಮಾನ್ರೇ, ಅರ್ಧ ಮಾಲು ಎಲ್ಲಿ ಇಳಿಸಿಬಿಟ್ರಿ?” ಅನ್ನುತ್ತಿದ್ದ. ಇಷ್ಟು ವರ್ಷ ಟಾರ್ಪಾಲಿನ ಕೆಳಗೆ ನಾನಿರುವುದು ಅವನಿಗೂ ಗೊತ್ತಿತ್ತು ಅಂತ ಆಗ ಗೊತ್ತಾಯಿತು. ಪ್ಯಾಂಟು ಹಗ್ಗದಿಂದ ಕಟ್ಟುವಂತಾಯಿತು. ಮುಖದ ಚರ್ಮ ಜೋತು, ಕನ್ನಡಿಯಲ್ಲಿ ಅಪ್ಪ ಕಂಡರು.

ಒಂದು ತಿಂಗಳು ತೂಕ ನೋಡಲೇಬೇಡಿ ಅಂದಿದ್ದರು ಮೇಡಂ. ಆಮೇಲೆ ದೊಡ್ಡ ತಕ್ಕಡಿ ಹತ್ತಿ ನೋಡಿದರೆ ಆಸ್ಪತ್ರೆಯಲ್ಲಿ ಕಂಡದ್ದಕ್ಕಿಂತ ಎಷ್ಟೋ ಕಡಿಮೆ! ಅಲ್ಲೇ ಅನುಮಾನ ಬರಬೇಕಿತ್ತು. ಹೊಗಳಿಕೆ ಕಾಣದವನಿಗೆ ತಕ್ಕಡಿ ಹೊಗಳಿದರೂ ಸಿಹಿಯೇ. ತಿಂಗಳುಗಳು ಹೋದವು, ಒಂದು ದಿನ ಗುಂಡು ಎಂಬತ್ತೈದರ ಗೆರೆಯ ಮೇಲೆ ಕೂತಿತು. ನಾನೇ ಫೋನು ಮಾಡಿದೆ. “ಅಣ್ಣಾ, ಆಯ್ತು. ನಮ್ಮ ಅಂಗಡಿಯ ತಕ್ಕಡಿಯಲ್ಲೇ ನೋಡಿದೆ” ಅಂದೆ. ನೀನು ಒಂದು ಗಳಿಗೆ ಸುಮ್ಮನಿದ್ದೆ. ಕೆಮ್ಮು ಬಂದಿರಬೇಕು ಅಂದುಕೊಂಡೆ. ಆಮೇಲೆ “ಸರಿ, ಬಾ” ಅಂದೆ. ಆ ಒಂದು ಗಳಿಗೆಯನ್ನು ಈಗ ನಾನು ದಿನವೂ ನಡೆಯುವಾಗ ಮೆಲುಕು ಹಾಕುತ್ತೇನೆ. ಅದಕ್ಕೆ ಕ್ಯಾಲೊರಿ ಇಲ್ಲ.

ಆಸ್ಪತ್ರೆಯ ಕಾರಿಡಾರು ನೆನಪಿದೆಯಲ್ಲ. ಎಲ್ಲ ಸರಿಯಿದ್ದರೆ ಆ ವಾರವೇ ಆಪರೇಷನ್ ಅಂತ ನಿನ್ನನ್ನು ಗಾಲಿಕುರ್ಚಿಯಲ್ಲಿ ತಂದು ನಿಲ್ಲಿಸಿದ್ದರು. ನಾನು ಹೊಸ ಅಂಗಿ ಹಾಕಿಕೊಂಡಿದ್ದೆ, ರೆಡಿಮೇಡ್, ಅಂಗಡಿಯಲ್ಲಿ ನೇತು ಹಾಕಿದ್ದನ್ನು ಹಾಗೇ ಇಳಿಸಿ ಹಾಕಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ನರ್ಸ್ ತೂಕ ನೋಡಿದಳು, ಚಪ್ಪಲಿ ಬಿಚ್ಚಿಸಿ ಮತ್ತೆ ನೋಡಿದಳು. ತೊಂಬತ್ತನಾಲ್ಕು. ಡಯಟ್ ಮೇಡಂ “ಸುಳ್ಳು ಯಾಕೆ ಹೇಳಿದ್ರಿ?” ಅಂದರು. ನಾನು ನಿನ್ನ ಕಡೆ ತಿರುಗಿದೆ. ತಕ್ಕಡಿ ಗೊತ್ತಿದ್ದವನು ಅಲ್ಲಿ ಒಬ್ಬನೇ ಇದ್ದ, ನೀನು. ನೀನು ನಕ್ಕೆ ಅಣ್ಣಾ. “ದಾರಿಯುದ್ದಕ್ಕೂ ತಿನ್ಕೊಂಡೇ ಬಂದಿರ್ತಾನೆ. ಹುಟ್ಟಿದಾಗಿಂದ ನೋಡ್ತಿದ್ದೀನಲ್ಲ, ಹೊಟ್ಟೆ ವಿಷಯದಲ್ಲಿ ಇವನು ದೇವರಿಗೂ ಸುಳ್ಳು ಹೇಳ್ತಾನೆ.” ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. ನಿನ್ನ ಮಗಳು ನನ್ನತ್ತ ನೋಡಿದ ನೋಟ ಇದೆಯಲ್ಲ, ಅಪ್ಪನನ್ನು ಕೊಂದವನನ್ನು ನೋಡುವ ನೋಟ ಅದು. ತಾರೀಕು ತಪ್ಪಿತು. ಆ ಕಾಲೇಜಿನ ಬಾಗಿಲು, ಈ ಕಾರಿಡಾರು, ನಡುವೆ ಒಂದು ಆಯಸ್ಸು, ನಗುವವರು ಮಾತ್ರ ಬದಲಾದರು.

ಮನೆಗೆ ಬಂದವನೇ ಗುಂಡಿನ ಹಸಿರು ಬಣ್ಣ ಕೆರೆದೆ. ಸೀಸ ಹಾಗೇ ಇತ್ತು. ಚಿಕ್ಕ ಕಲ್ಲುಗಳಲ್ಲೂ ಇತ್ತು. ನೀನು ಬಣ್ಣ ಮಾತ್ರ ಹೊಡೆದಿದ್ದೆ. ನನ್ನ ತೂಕವೂ ಕಡಿಮೆ ತೋರಿಸಿತು, ನಾನು ತಿಂದ ಅನ್ನವೂ ಕಡಿಮೆ ತೋರಿಸಿತು. ಪರವೂರ ವಿಧವೆಯರ ಹಿತ್ತಾಳೆ ಚೊಂಬಿನಿಂದ ಗುಂಜಿ ಗುಂಜಿ ಕದ್ದ ತಕ್ಕಡಿ ಕಡೆಗೆ ಒಡೆಯನ ಕಿಡ್ನಿಯನ್ನೇ ಕದ್ದಿತು. ಮಾಡಿದ್ದುಣ್ಣೋ ಮಹರಾಯ ಅಂತ ಬರೆಯಬೇಕು, ಆದರೆ ನಿನಗೆ ಈಗ ಉಣ್ಣಲೂ ಆಗುವುದಿಲ್ಲವಲ್ಲ. ಫೋನಿನಲ್ಲಿ ಆ ಒಂದು ಗಳಿಗೆಯಲ್ಲಿ “ತಮ್ಮಾ, ಆ ತಕ್ಕಡಿ ನಂಬಬೇಡ” ಅಂದಿದ್ದರೆ ಇಷ್ಟು ಹೊತ್ತಿಗೆ ನೀನು ಮಗಳ ಮನೆಯ ಬಾಗಿಲಲ್ಲಿ ಕೂತು ಒಂದು ಚೊಂಬು ನೀರು ಗಟಗಟ ಕುಡಿಯುತ್ತಿದ್ದೆ. ಪ್ರಾಣ ಹೋದರೂ ಸರಿ, ತಮ್ಮನ ಮುಂದೆ ಸುಳ್ಳ ಅನ್ನಿಸಿಕೊಳ್ಳಬಾರದು. ಶಭಾಷ್ ಅಣ್ಣಾ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

ಇನ್ನೂ ಏನೋ ಬರೆಯಬೇಕಿತ್ತು. ಹೊರಗೆ ಕಬ್ಬಿಣದ ರಾಶಿಯ ನೆರಳು ಕಿಟಕಿ ದಾಟಿ ಈ ಕಾಗದದ ಮೇಲೇ ಬಂದಿದೆ, ಅಕ್ಷರ ಕಾಣುತ್ತಿಲ್ಲ. ಬಲ್ಬು ಸುಟ್ಟು ವಾರವಾಯಿತು. ಸ್ಟೂಲು ಹತ್ತಿ ಬದಲಿಸುವಷ್ಟು ಹಗುರಾಗಿದ್ದೇನೆ, ಮನಸ್ಸಿಲ್ಲ. ಬೆಳಕು ಹೋಯಿತು, ನಿಲ್ಲಿಸುತ್ತೇನೆ. ಲೋಟಕ್ಕಿಂತ ಹೆಚ್ಚು ನೀರು ಕುಡಿಯಬೇಡ. ನಿನ್ನ ಮಗಳಿಗೆ ನನ್ನ ಆಶೀರ್ವಾದ, ಇಲ್ಲಿಯವರೆಗೆ ಓದಿದ್ದರೆ.

ಯುವರ್ಸ್ ಒಬಿಡಿಯೆಂಟ್ಲಿ,
ನಿನ್ನ ತಮ್ಮ
(ನೆಟ್ ವೆಯ್ಟ್)

ವಿ.ಸೂ. (ಮೇಣದಬತ್ತಿ ಹಚ್ಚಿಕೊಂಡು): ನಿನ್ನೆ ನಿನ್ನ ಮಗಳಿಗೆ “ಇನ್ನೂ ಸ್ವಲ್ಪ ಇದೆ” ಅಂದದ್ದು ಸುಳ್ಳು. ಔಷಧಿ ಅಂಗಡಿಯ ಮೆಷಿನ್ನಿನಲ್ಲಿ ಹೋದ ವಾರವೇ ಎಂಬತ್ತನಾಲ್ಕು ಬಂತು, ಮೂರು ಬೇರೆ ಅಂಗಡಿಗಳಲ್ಲಿ ಹತ್ತಿ ನೋಡಿದೆ, ನಿಜವಾದ ಎಂಬತ್ತನಾಲ್ಕು. ಈಗ ಬೇಕಾದರೂ ಹೊರಟು ಬರುತ್ತೇನೆ, ಕೊಡುತ್ತೇನೆ. ಆದರೆ ಮೊದಲು ನೀನು ಅದೇ ಕಾರಿಡಾರಿನಲ್ಲಿ, ಅದೇ ನರ್ಸ್, ಅದೇ ಮೇಡಂ, ನಿನ್ನ ಮಗಳು, ಎಲ್ಲರೂ ಕೇಳುವ ಹಾಗೆ ಹೇಳಬೇಕು: ತಮ್ಮ ಸುಳ್ಳು ಹೇಳಲಿಲ್ಲ, ಸೀಸ ತುಂಬಿದ್ದು ನಾನು. ಹೇಳಿದೆ ಅಂತ ಮಗಳು ಫೋನು ಮಾಡಲಿ. ಅಲ್ಲಿಯವರೆಗೆ ನಾನು ನಡೆಯುವುದಿಲ್ಲ. ಕತ್ತಲಾದ ಮೇಲೆ ಕೆಳಗಿಳಿದು ದೊಡ್ಡ ಪಾತ್ರೆಯಲ್ಲಿ ಅನ್ನಕ್ಕಿಟ್ಟು ಬಂದೆ, ಈಗ ಘಮ ಬರುತ್ತಿದೆ, ಇವತ್ತಿನಿಂದ ತೂಗದೆ ಉಣ್ಣುತ್ತೇನೆ. ತಡ ಮಾಡಬೇಡ ಅಣ್ಣಾ. ನನ್ನ ಹಸಿವು ನಿನಗೆ ಗೊತ್ತಲ್ಲ, ಬೆಳೆಸಿದವನು ನೀನೇ.