ರೆಕಾರ್ಡುಗಳಿಗೆ ಹಚ್ಚಿದ ಗಂಧ

ಲಿಸ್ಲ್, ಇಲಿನಾಯ್
6 ಅಕ್ಟೋಬರ್ 2024, ಭಾನುವಾರ

ಪ್ರೀತಿಯ ಹೃಷೀಕೇಶ ಅವರಿಗೆ,

ವಯಸ್ಸಿನಲ್ಲಿ ನಿಮಗಿಂತ ಚಿಕ್ಕವಳಾದರೂ ಅತ್ತಿಗೆಯೆಂಬ ಹಕ್ಕಿನಿಂದ ಆಶೀರ್ವಾದಗಳು. ಮಂಡಿನೋವು ಹೇಗಿದೆ? ಡೆಟ್ರಾಯಿಟ್ ಕಡೆ ಆಗಲೇ ಚಳಿ ಶುರುವಾಗಿದೆಯಂತೆ, ಒಬ್ಬರೇ ಇರುವವರು, ಮೆಟ್ಟಿಲ ಮೇಲೆ ಹುಷಾರು. ದಿನಾ ಬರೀ ಮೊಸರನ್ನ ಕಲಸಿಕೊಂಡು ಕೂರಬೇಡಿ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಿಮ್ಮ ಅಣ್ಣನ ಹೃದಯದ ವಾಲ್ವ್ ಕೆಟ್ಟಿದೆ. ಹದಿನೇಳನೇ ತಾರೀಖು ಗುರುವಾರ ಆಪರೇಷನ್. ಎಂಬತ್ತೆರಡರ ದೇಹ, ಡಾಕ್ಟರು ಯಾವ ಭರವಸೆಯನ್ನೂ ಕೊಟ್ಟಿಲ್ಲ. ನೀವಿಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ಅದಕ್ಕೆ ಕಾರಣ ಅವರಲ್ಲ, ನಾನು. ಇದನ್ನು ಬರೆಯಲು ಕೂತಾಗಿನಿಂದ ಕಾಫಿಯ ನೆಪದಲ್ಲಿ ಮೂರು ಸಲ ಎದ್ದಿದ್ದೇನೆ, ಅಂಥ ಪುಕ್ಕಲಿ ನಾನು.

ನಿಮ್ಮ ಲಾರ್ಕ್‌ವುಡ್ ಸಿಸ್ಟರ್ಸ್ ರೆಕಾರ್ಡುಗಳ ವಿಷಯ. ಡೆಟ್ರಾಯಿಟಿನ ಆ ನಾಲ್ವರು ಹುಡುಗಿಯರ ಹಾಡೆಂದರೆ ನಿಮಗೂ ವಿಮಲಾಗೂ ಎಂಥ ಹುಚ್ಚು! ಅವಳು ಅರವತ್ತೇಳನೇ ಇಸವಿಯಲ್ಲಿ ನಿಮ್ಮನ್ನು ಮದುವೆಯಾಗಿ ಈ ದೇಶಕ್ಕೆ ಬಂದವಳು, ಇಂಗ್ಲಿಷ್ ಸರಿಯಾಗಿ ಬಾರದು; ವಾರವಾರವೂ ರೇಡಿಯೋಗೆ ಕಿವಿಗೊಟ್ಟು, ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಯಾವ ಹಾಡು ಎಷ್ಟನೇ ಸ್ಥಾನಕ್ಕೆ ಏರಿತೆಂದು ರೆಕಾರ್ಡಿನ ಕಾಗದದ ಕವರಿನ ಮೇಲೆ ಕನ್ನಡ ಅಂಕಿಯಲ್ಲಿ ಬರೆಯುತ್ತಿದ್ದಳು. ೪೦, ೧೮, ೯, ೩. ಮೂರರಿಂದ ಮೇಲೇಳದ ಹಾಡಿನ ಪಕ್ಕದಲ್ಲಿ "ಅಯ್ಯೋ ಪಾಪ" ಎಂದೂ ಬರೆದಿದ್ದಳು. "ಮುಂದೆ ನಿಂತು ಹಾಡೋಳನ್ನ ಬಿಡಿ ಅತ್ತಿಗೆ, ಹಿಂದೆ ಊ ಊ ಅಂತಾರಲ್ಲ ಮೂರು ಜನ, ಅವರನ್ನ ಕೇಳಿ" ಎಂದು ನೀವು ನನ್ನನ್ನು ಕೂರಿಸಿ ಕೇಳಿಸುತ್ತಿದ್ದಿರಿ. ವಿಮಲಾ ಹೋದ ಮೇಲೆ ಮನೆ ಮಾರಿ ಅಪಾರ್ಟ್‌ಮೆಂಟಿಗೆ ಹೊರಟಾಗ, ಆ ಹನ್ನೊಂದು ರೆಕಾರ್ಡುಗಳ ಪೆಟ್ಟಿಗೆಯನ್ನು ನಮ್ಮ ಬೇಸ್‌ಮೆಂಟಿನಲ್ಲಿಟ್ಟು "ಜೋಪಾನ ಅತ್ತಿಗೆ" ಎಂದಿರಿ. ನನಗೇ ಹೇಳಿದ್ದು, ಅಣ್ಣನಿಗಲ್ಲ.

ಆ ವರ್ಷದ ಸರಸ್ವತಿ ಪೂಜೆಗೆ ಪುಸ್ತಕಗಳನ್ನು ಜೋಡಿಸುವಾಗ, ಹಾಡೂ ಸರಸ್ವತಿಯೇ ತಾನೇ ಎಂದು ಹನ್ನೊಂದನ್ನೂ ಕವರಿನಿಂದ ತೆಗೆದು ಸಾಲಾಗಿ ಇಟ್ಟೆ. ಗಂಧ ಹಚ್ಚಿ, ಕುಂಕುಮ ಇಟ್ಟೆ. ಒಳ್ಳೆಯದಾಗಲಿ ಎಂದೇ ಮಾಡಿದೆನಪ್ಪ! ವಿಜಯದಶಮಿಯ ದಿನ ನೋಡಿದರೆ ಗಂಧ ಗೆರೆಗಳೊಳಗೆ ಒಣಗಿ ಕೂತಿದೆ, ಒರೆಸಿದರೂ ಹೋಗದು. ತೊಳೆದ ಪಾತ್ರೆಯ ನೀರಿಳಿಯಲು ಇಡುವುದಕ್ಕೆ ಬಿಟ್ಟರೆ ಡಿಶ್‌ವಾಷರನ್ನು ಒಂದು ದಿನವೂ ಓಡಿಸಿದವಳಲ್ಲ. ಅವತ್ತು ಅದೇನು ಬುದ್ಧಿ ಕೆಟ್ಟಿತ್ತೋ, ರೆಕಾರ್ಡುಗಳನ್ನು ಅದರೊಳಗೆ ನಿಲ್ಲಿಸಿ ಬಟನ್ ಒತ್ತಿದೆ. ಬಿಸಿನೀರಿಗೆ ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿ ಬಂದವು. ಕಸದ ಚೀಲಕ್ಕೆ ತುಂಬಿ ಗಂಟು ಹಾಕಿದೆ. ದೀಪಾವಳಿಗೆ ಬಂದ ನೀವು ಪೆಟ್ಟಿಗೆ ಕೇಳಿದಾಗ, "ಗರಾಜ್ ಸೇಲ್‌ನಲ್ಲಿ ನಿಮ್ಮಣ್ಣ ಏನೇನೋ ಮಾರಿದ್ರಪ್ಪ, ನಂಗೊತ್ತಿಲ್ಲ" ಎಂದುಬಿಟ್ಟೆ. ಅಣ್ಣನಿಗೆ ಬಾಯಿಗೆ ಬಂದಂತೆ ಅಂದು, ನೀವು ಊಟದ ನಡುವೆಯೇ ಎದ್ದು ಹೊರಟಿರಿ. ಅವರು ತುಟಿ ಬಿಚ್ಚಲಿಲ್ಲ. ನಾನು ತುಪ್ಪದ ಗಿಂಡಿ ಹಿಡಿದುಕೊಂಡು ನಿಂತಿದ್ದೆ.

ವಿಮಲಾ ಬರೆದ ಕವರುಗಳು ಹನ್ನೊಂದೂ ನನ್ನ ರೇಷ್ಮೆ ಸೀರೆಗಳ ಕೆಳಗೆ ಭದ್ರವಾಗಿವೆ. ಕೊಟ್ಟರೆ ಸಿಕ್ಕಿಬೀಳುತ್ತೇನೆಂದು ಕೊಡಲಿಲ್ಲ. ಹೆಂಡತಿಯ ಕೈಬರಹವನ್ನು ಗಂಡನಿಂದಲೇ ಬಚ್ಚಿಟ್ಟೆ, ಇಷ್ಟು ವರ್ಷ. ನೆನೆದರೆ ನನಗೇ ಅಸಹ್ಯವಾಗುತ್ತದೆ. ನನ್ನನ್ನು ಎಷ್ಟು ಬೇಕಾದರೂ ಬೈಯಿರಿ, ಮುಖ ನೋಡಬೇಡಿ. ಅಣ್ಣನನ್ನು ಮಾತ್ರ ಆಪರೇಷನ್ನಿಗೆ ಮೊದಲು ಬಂದು ನೋಡಿ. ಅಷ್ಟು ದೂರ ನೀವು ಡ್ರೈವ್ ಮಾಡಬೇಡಿ. ಹಾಫ್‌ಮನ್ ಎಸ್ಟೇಟ್ಸ್‌ನಿಂದ ನಮ್ಮ ಮಗ ವಿಶ್ರುತ್ ಬಂದು ಕರೆತರುತ್ತಾನೆ.

ಕ್ಷಮಿಸಿ ಎಂದು ಕೇಳುವ ಮುಖವೂ ಉಳಿದಿಲ್ಲದ
ನಿಮ್ಮ ಅತ್ತಿಗೆ,
ಇಂದುಮತಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಧೈರ್ಯ ಮಾಡಿ ನಿಮ್ಮ ಅಣ್ಣನಿಗೆ ಇದನ್ನು ಓದಿ ಹೇಳಿದೆ. ಅವರಿಗೆ ಅವತ್ತೇ ಗೊತ್ತಿತ್ತಂತೆ, ಕಸದ ಚೀಲ ಹೊರಗಿಟ್ಟವರು ಅವರೇ. "ಮತ್ಯಾಕ್ರೀ ಸುಮ್ಮನಿದ್ರಿ?" ಎಂದೆ. "ನಿನ್ ಮೇಲೆ ಸಿಟ್ಟಾದ್ರೆ ಅವನು ಈ ಮನೆಗೇ ಬರಲ್ಲ. ನನ್ ಮೇಲಾದ್ರೆ ಒಂದು ತಿಂಗಳು ಮುನಿಸ್ಕೊಂಡಿದ್ದು ಬರ್ತಾನೆ ಅಂದ್ಕೊಂಡೆ ಕಣೇ" ಎಂದರು.