ಗೋದಲಿ ಇದ್ದಲ್ಲಿ ಮನೆ

ಕುಬಿಹಾಳ,
ತಾ. 9-12-1985

ಚಿ. ಸೌ. ನೀಲಾಳಿಗೆ ಅಜ್ಜ ಶಂಭುಲಿಂಗಪ್ಪನ ಆಶೀರ್ವಾದ.

ಮೊದಲು ನಿನ್ನ ಆರೋಗ್ಯದ ಮಾತು. ಕಾಲಿನ ಬಾವು ಇಳಿಯಿತೇ? ಈ ದಿನಗಳಲ್ಲಿ ಬಾವು ಬರುವುದೇ ಎಂದು ಸೂಲಗಿತ್ತಿ ರಜಿಯಾಬಿ ಹೇಳುತ್ತಾಳೆ. ಆದರೂ ಬೆಟಗೇರಿಯ ಡಾಕ್ಟರಿಗೊಮ್ಮೆ ತೋರಿಸು. ನಿನ್ನ ಗಂಡ ಸುಧಾಕರ ಶಾಲೆಯ ಪೇಪರು ತಿದ್ದುತ್ತ ಕುಳಿತಾಗ ನೀನೂ ಅವನ ಜೊತೆ ಎಚ್ಚರ ಇರಬೇಡ. ಪೇಪರು ಅವನವು, ನಿದ್ದೆ ನಿನ್ನದು. ಇನ್ನು ಇಲ್ಲಿಯ ಸಮಾಚಾರ. ನನ್ನೊಡನೆ ಮಾತು ಬಿಟ್ಟವರೂ ಕ್ಷೇಮ, ನಾನು ಮಾತು ಬಿಟ್ಟವರೂ ಕ್ಷೇಮ. ಬಿಳಿಜೋಳ ಎದೆಮಟ್ಟ ಬಂದಿದೆ. ನನ್ನ ಮೊಣಕಾಲು ಮುಂಜಾನೆ ಸ್ವಲ್ಪ ಹಟ ಮಾಡುತ್ತದೆ, ಹೊತ್ತೇರಿದ ಮೇಲೆ ನನ್ನ ಮಾತು ಕೇಳುತ್ತದೆ.

ನಿನ್ನ ಕಾಗದ ಓದಿದೆ. ‘ಅಲ್ಲಿ ಜಾಗ ಇಲ್ಲದಿದ್ದರೆ ಬಿಡಿ ಅಜ್ಜಾ, ಇಲ್ಲೇ ದವಾಖಾನೆಯಲ್ಲಿ ಹೇಗೋ ಆಗುತ್ತದೆ’ ಎಂದು ಬರೆದಿದ್ದೀ. ಆ ಸಾಲು ಓದಿ ನನಗೆ ಸಿಟ್ಟು ಬಂತು. ನಿನ್ನ ಮೇಲಲ್ಲ. ನಿನ್ನಪ್ಪ ಈರಬಸಪ್ಪನ ಮಾತು ನಿನ್ನ ಬಾಯಿಗೂ ಬಂತಲ್ಲ ಎಂದು. ನೀನು ಕ್ರಿಸ್ತನ ಮತದವನನ್ನು ಮದುವೆಯಾದೆ ಎಂಬ ಮಾತನ್ನು ಎರಡು ವರ್ಷದಲ್ಲಿ ಅವನು ಒಮ್ಮೆಯೂ ಬಾಯಿಬಿಟ್ಟು ಆಡಿಲ್ಲ. ಅಷ್ಟು ಧೈರ್ಯ ಇದ್ದರೆ ಜಗಳವಾದರೂ ಆಡಬಹುದಿತ್ತು. ಏಳನೆಯ ತಿಂಗಳಲ್ಲಿ ನಿನ್ನನ್ನು ಬಾಣಂತನಕ್ಕೆ ಕರೆತರೋಣ ಎಂದಾಗ ಅವನು ಹೇಳಿದ್ದೇ ಬೇರೆ: "ಚೊಚ್ಚಲ ಬಾಣಂತನ ಅಂದ್ರ ಸುಮ್ನ ಆಗತೈತೇನಪಾ? ಒಳಗಿನ ಕೋಲಿ ತುಂಬ ಹತ್ತಿ ಐತಿ. ಹೊರಗಿನ ಕೋಲಿ ಬೀಗರಿಗೆ ಬೇಕು. ಜಾಗಾ ಎಲ್ಲಿ ಐತಿ ಹೇಳು." ಬೀಗರೆಂದರೆ ನಿನ್ನ ತಂಗಿ ಕಸ್ತೂರಿಯನ್ನು ನೋಡಲು ಅಣ್ಣಿಗೇರಿಯಿಂದ ಬರುವವರು. ಇನ್ನೂ ಬೀಗರಾಗಿಲ್ಲ, ಆಗಲೇ ಅವರಿಗೊಂದು ಕೋಲಿಗೆ ಸುಣ್ಣ ಹೊಡೆಸಿಟ್ಟಿದ್ದಾನೆ. ಅವರು ಬಂದಾಗ ಮನೆಯಲ್ಲಿ ಕೂಸು ಅತ್ತರೆ ಯಾರ ಕೂಸು ಎಂದು ಕೇಳುತ್ತಾರೆ, ಅದೇ ಅವನ ಹೆದರಿಕೆ. ನಿನ್ನವ್ವ ಶಿವಗಂಗವ್ವ ಒಲೆಯ ಮುಂದೆ ಇರುತ್ತಾಳೆ. ನಿನ್ನ ಹೆಸರು ಬಂದಾಗ ರೊಟ್ಟಿ ತಟ್ಟುವ ಸಪ್ಪಳ ನಿಲ್ಲುತ್ತದೆ, ಆಮೇಲೆ ಮತ್ತೆ ಶುರುವಾಗುತ್ತದೆ.

ಈಗ ನನ್ನ ಗ್ರೀಕಿನ ಸುದ್ದಿ. ಕಳೆದ ವರ್ಷ ನಿಮ್ಮ ಬೆಟಗೇರಿಯಲ್ಲಿ ಕ್ರಿಸ್ಮಸ್ ನಾಟಕಕ್ಕೆ ಕರೆದೊಯ್ದಿದ್ದೆಯಲ್ಲ, ಎಲ್ಲ ಶುರುವಾದದ್ದು ಅಲ್ಲಿ. ನಾಟಕಕ್ಕೆ ಮೊದಲು ಸುಧಾಕರ ಲೂಕನ ಸುವಾರ್ತೆಯ ಆ ಭಾಗವನ್ನು ಕನ್ನಡದಲ್ಲಿ ಓದಿದ್ದ. ತಾಯಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು ಎಂದು ಕೇಳಿದೊಡನೆ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಮನೆ. ತಲೆಬಾಗಿಲು ದಾಟಿದರೆ ದನದ ಅಂಕಣ, ಗೋಡೆಗೆ ದನಕ್ಕೆ ಮೇವು ಹಾಕುವ ಗೋದಲಿ, ಒಂದು ಮೆಟ್ಟಿಲು ಏರಿದರೆ ಪಡಸಾಲೆಯಲ್ಲಿ ನಮ್ಮ ಹಾಸಿಗೆ. ಆದರೆ ನಾಟಕದಲ್ಲಿ ಛತ್ರದ ಯಜಮಾನ ಬಸುರಿಯ ಮುಖದ ಮೇಲೆ ಬಾಗಿಲು ಹಾಕಿದ. ಅವಳು ಯಾವುದೋ ಬಯಲಿನ ಕೊಟ್ಟಿಗೆಗೆ ಹೋದಳು. ನಾನು ತಡೆಯಲಾರದೆ ಅಲ್ಲೇ ಕೇಳಿದೆ, "ಗ್ವಾದ್ಲಿ ಐತಿ ಅಂದ್ರ ಅದು ಮನಿ ಅಲ್ಲೇನೋ? ಮನಿ ಮಂದಿ ಎಲ್ಲಿ ಹೋದ್ರು?" ಬಾಜು ಕುಳಿತವರು ನಕ್ಕರು. ಸುಧಾಕರ ನಗಲಿಲ್ಲ. "ಅಜ್ಜಾರ, ಅದು ಛತ್ರರಿ. ನೀವು ಹಳ್ಳಿ ಮನಿ ನೆನಿಸಿಕೊಂಡು ತಪ್ಪು ತಿಳಕೊಂಡೀರಿ" ಎಂದ. ತಪ್ಪು ಎಂದದ್ದು ನನಗೆ ನಾಟಿತು. ನಾಲ್ಕು ದಶಕ ಹುಡುಗರಿಗೆ ಸಂಸ್ಕೃತ ಕಲಿಸಿದವನು ನಾನು, ಮೂಲದಲ್ಲಿ ಏನಿದೆ ತೋರಿಸು ಎಂದೆ.

ಪಾದ್ರಿಯಾಗಲು ಹೋಗಿ ನಡುವೆ ಬಿಟ್ಟು ಮಾಸ್ತರನಾದವನಲ್ಲವೇ ಅವನು? ಆಗ ಓದಿದ ಗ್ರೀಕ್ ಪುಸ್ತಕ, ಶಬ್ದಕೋಶ ಎರಡನ್ನೂ ತಂದುಕೊಟ್ಟ. ಒಳ್ಳೆಯ ಹುಡುಗ, ಜಗಳಕ್ಕೆ ಬಂದ ಮುದುಕನ ಕೈಗೆ ತಾನೇ ಬಡಿಗೆ ಕೊಟ್ಟ. ಅಂದಿನಿಂದ ಪಾಟಿಯ ಮೇಲೆ ಅಕ್ಷರ ತೀಡುತ್ತಲೇ ಇದ್ದೇನೆ. ನಿನ್ನಪ್ಪ ಒಂದು ದಿನ ನೋಡಿ, "ಅಪ್ಪಾ, ಲಿಂಗಾ ಬಿಡಾಕ ಹತ್ತೀಯೇನು?" ಎಂದ. "ಕಲಿಯಾಕ ಹತ್ತೀನಿ, ಬಿಡಾಕ ಅಲ್ಲ" ಎಂದೆ. ದಿನಾ ಮುಂಜಾನೆ ಲಿಂಗಪೂಜೆ ಮುಗಿಸಿಯೇ ಆ ಪುಸ್ತಕ ತೆಗೆಯುತ್ತೇನೆ. ಇಲ್ಲಿಯತನಕ ಎರಡಕ್ಕೂ ಜಗಳವಾಗಿಲ್ಲ, ಜಗಳವೆಲ್ಲ ಮನುಷ್ಯರದೇ.

ಇಷ್ಟು ಕಷ್ಟಪಟ್ಟು ಓದಿದ್ದು ಆ ಒಂದೇ ವಾಕ್ಯ, ಛತ್ರದಲ್ಲಿ ಜಾಗ ಇಲ್ಲದ್ದರಿಂದ ಕೂಸನ್ನು ಗೋದಲಿಯಲ್ಲಿ ಮಲಗಿಸಿದಳು ಎಂಬುದು. ಕನ್ನಡದಲ್ಲಿ ಛತ್ರ ಎಂದಿರುವಲ್ಲಿ ಗ್ರೀಕಿನಲ್ಲಿ ‘ಕತಾಲುಮ’ ಎಂದಿದೆ. ಇದೇ ಲೂಕ ಮುಂದೊಂದು ಕಡೆ, ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಒಬ್ಬ ಪರಸ್ಥಳದವನು ಛತ್ರಕ್ಕೆ ಒಯ್ಯುವ ಕಥೆ ಹೇಳುತ್ತಾನೆ. ಅಲ್ಲಿ ಬಳಸಿದ ಶಬ್ದ ಬೇರೆಯೇ. ಕ್ರಿಸ್ತನ ಕೊನೆಯ ಊಟಕ್ಕೆಂದು ಒಬ್ಬ ಗೃಹಸ್ಥನ ಮನೆಯಲ್ಲಿ ಕೋಣೆ ಕೇಳುವಲ್ಲಿ ಮಾತ್ರ ಮತ್ತೆ ಕತಾಲುಮ. ಅಂದರೆ ಮನೆಗೆ ಬಂದವರನ್ನು ಇಳಿಸುವ ಕೋಣೆ, ನಮ್ಮ ಹೊರಗಿನ ಕೋಲಿ ಇದ್ದ ಹಾಗೆ. ಕೂಸು ಹುಟ್ಟಿದ್ದು ಆ ತಾಯಿಯ ಗಂಡನ ಹಿರಿಯರ ಊರಿನಲ್ಲಿ. ಮನೆಯ ಹೊರಕೋಲಿ ತುಂಬಿತ್ತು. ಮನೆಯವರು ಬಾಗಿಲು ಹಾಕಲಿಲ್ಲ, ತಾವು ಮಲಗುವಲ್ಲೇ ಸರಿದು ಜಾಗ ಮಾಡಿದರು. ನಾನು ಹೀಗೆ ಓದಿದೆ, ಹೀಗೆಯೇ ಸುಧಾಕರನಿಗೆ ಬರೆದೆ. ಅವನು ಉತ್ತರ ಬರೆದ, ನಿಮ್ಮ ಓದು ಇರಬಹುದು ಅಜ್ಜಾರ, ಆದರೆ ಆ ಶಬ್ದಕ್ಕೆ ಯಾವುದೇ ತಂಗುವ ಸ್ಥಳ ಎಂಬ ಅರ್ಥವೂ ಇದೆ, ಪಂಡಿತರಲ್ಲಿ ಒಮ್ಮತವಿಲ್ಲ ಎಂದು. ಸೋತ ಹಾಗೆ ನಟಿಸಿ ನನ್ನನ್ನು ಮೆಚ್ಚಿಸಲಿಲ್ಲ ಎಂದು ಅವನ ಮೇಲೆ ಪ್ರೀತಿ ಹೆಚ್ಚಾಯಿತು. ಆದರೆ ಪಂಡಿತರು ಒಮ್ಮತಕ್ಕೆ ಬರುವತನಕ ನಿನ್ನ ಕೂಸು ಕಾಯುವುದಿಲ್ಲ. ನಾನು ನನ್ನ ಅರ್ಥ ಹಿಡಿದು ನಡೆಯುವವನೇ.

ಮೊನ್ನೆ ಊಟಕ್ಕೆ ಕುಳಿತಾಗ ನಿನ್ನಪ್ಪನಿಗೆ ನೇರ ಹೇಳಿದೆ. "ಕೋಲ್ಯಾಗ ಜಾಗಾ ಇಲ್ಲ ಅನ್ನು, ಒಪ್ಪತೀನಿ. ಮನ್ಯಾಗ ಜಾಗಾ ಇಲ್ಲ ಅನಬ್ಯಾಡ." ಅವನು ತಾಟು ಸರಿಸಿ, "ಎಲ್ಲೀದೋ ಗ್ರೀಕರ ಮಾತು ಕೇಳಿ ನನ್ನ ಮನಿ ನಡಸಬ್ಯಾಡ" ಎಂದ. ಮನೆ ಇನ್ನೂ ನನ್ನ ಹೆಸರಿನಲ್ಲಿದೆ ಎಂದು ನೆನಪು ಮಾಡಿಕೊಟ್ಟೆ. ಮಾತು ಬಿಟ್ಟದ್ದು ಆಗಿನಿಂದ. ಬಿಡಲಿ, ಮಾತಿಲ್ಲದಿದ್ದರೆ ಕೆಲಸ ಬೇಗ ಸಾಗುತ್ತದೆ. ಎತ್ತುಗಳನ್ನು ಹಿತ್ತಲಿನ ತಗಡಿನ ಚಪ್ಪರಕ್ಕೆ ಸಾಗಿಸಿದೆ. ಅಂಕಣದ ನೆಲ ಸಾರಿಸಿಯಾಯಿತು, ಗೋಡೆಗೆ ಸುಣ್ಣವಾಯಿತು, ಚೀಲದ ತಟ್ಟು ಹೊಲಿದು ಪರದೆ ಕಟ್ಟಿದೆ. ನನ್ನ ಹೊರಸು ನಿನಗೆ. ನಾನು ಪಡಸಾಲೆಯ ಅಂಚಿಗೆ ಚಾಪೆ ಹಾಸಿಕೊಳ್ಳುತ್ತೇನೆ, ನಿನ್ನನ್ನು ಏನಾದರೂ ಅನ್ನುವವರು ನನ್ನನ್ನು ದಾಟಿ ಬರಬೇಕು. ರಜಿಯಾಬಿ ಬಂದು ನೋಡಿ, "ಆಕಳ ಒಂದ ಇರ್ಲಿ ಬಿಡ್ರಿ ಮಾಸ್ತರ, ಥಂಡ್ಯಾಗ ಬೆಚ್ಚಗ ಆಗತೈತಿ" ಎಂದಳು. ಅದೊಂದನ್ನು ನಾನು ಒಪ್ಪಲಿಲ್ಲ. ಕುಂದಗೋಳದ ಡಾಕ್ಟರಿಗೂ ಹೇಳಿಟ್ಟಿದ್ದೇನೆ, ಆ ಚಿಂತೆ ಬೇಡ.

ಕಸ್ತೂರಿಗೆ ತೊಂದರೆಯಾದೀತೆಂದು ನೀನು ಹಿಂಜರಿಯುತ್ತೀ, ನನಗೆ ಗೊತ್ತು. ಅದಕ್ಕೇ ಅವಳನ್ನೇ ಕೂಡಿಸಿಕೊಂಡು ಕೇಳಿದೆ. "ಅಕ್ಕನ್ನ ಮುಚ್ಚಿಟ್ಟು ಮಾಡೂ ಲಗ್ನಾ ನನಗ ಬ್ಯಾಡಜ್ಜಾ" ಎಂದಳು. ಅಣ್ಣಿಗೇರಿಯವರು ಬರಲಿ. ಇವಳು ನನ್ನ ಹಿರಿಯ ಮೊಮ್ಮಗಳು, ಇವಳ ಗಂಡನ ಹೆಸರು ಸುಧಾಕರ, ಇದು ಅವರ ಕೂಸು ಎಂದು ನಾನೇ ಹೇಳುತ್ತೇನೆ. ಎದ್ದುಹೋಗುವವರು ಚಹಾ ಕುಡಿದು ಎದ್ದುಹೋಗಲಿ.

ಗುರುವಾರಕ್ಕೆ ನಿನಗೆ ಒಂಬತ್ತರಲ್ಲಿ ಬೀಳುತ್ತದೆ. ಅಂದು ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ ಸುಧಾಕರನೊಡನೆ ಕುಂದಗೋಳ ಸ್ಟೇಶನ್ನಿಗೆ ಬಾ. ನಮ್ಮ ಆಳು ಮಶಾಕಸಾಬ ಬಂಡಿ ತಂದು ನಿಂತಿರುತ್ತಾನೆ. ಸುಧಾಕರ ಬಾಗಿಲತನಕ ಬಿಟ್ಟು ಹೋಗುವ ಮಾತಿಲ್ಲ, ಒಳಗೆ ಬರಬೇಕು. ವಾದ ಇನ್ನೂ ಬಾಕಿ ಇದೆ ಎಂದು ಅವನಿಗೆ ಹೇಳು.

ನಿಮ್ಮಿಬ್ಬರಿಗೂ, ಬರುವ ಮೂರನೆಯವರಿಗೂ ನನ್ನ ತುಂಬುಮನಸ್ಸಿನ ಹಾರೈಕೆ.

ನಿನ್ನ ಅಜ್ಜ,
ಶಂಭುಲಿಂಗಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇಷ್ಟು. ಈಗ ನಿನ್ನಪ್ಪ ಬಂದು ಪರದೆ ಕಿತ್ತುಹಾಕಲು ಕೈ ಹಾಕಿದ. "ಮನಷ್ಯಾರು ಹಡಿಯೂ ಜಾಗಾ ಏನಪಾ ಇದು? ಊರ ಮಂದಿ ಉಗುಳತಾರ" ಎಂದ. ಆಗ ಹೇಳಿಬಿಟ್ಟೆ. ನನ್ನ ತಂಗಿಯ ಮದುವೆಯ ಹೊತ್ತು, ಕೋಲಿಗಳ ತುಂಬ ಬೀಗರು. ನಿನ್ನ ಅಜ್ಜಿ ರೇವವ್ವನಿಗೆ ತವರಿಗೆ ಹೋಗುವ ಮೊದಲೇ, ತಿಂಗಳು ಮುಂಚೆ ಬೇನೆ ಶುರುವಾಯಿತು. ರಜಿಯಾಬಿಯ ತಾಯಿ ಈ ಅಂಕಣದಲ್ಲೇ ಹಡಿಸಿದಳು. ಎತ್ತಿನ ಮೇವು ಸರಿಸಿ, ನನ್ನ ಧೋತರ ಹಾಸಿ, ಕೂಸನ್ನು ಈ ಗೋದಲಿಯಲ್ಲೇ ಮಲಗಿಸಿದೆವು. ಬೀಗರು ಆಡಿಕೊಂಡಾರೆಂದು ರೇವವ್ವ ಯಾರಿಗೂ ಹೇಳಗೊಡಲಿಲ್ಲ. ನಾಟಕ ನೋಡಿ ನನಗೆ ಅಷ್ಟು ಸಿಟ್ಟು ಬಂದದ್ದು ಅದಕ್ಕೇ. "ಆ ಕೂಸು ನೀನ ಲೇ, ಈರಬಸಪ್ಪ" ಎಂದೆ. ಅವನು ಪರದೆ ಬಿಟ್ಟ. ಗೋದಲಿಯ ದಂಡೆಯ ಮೇಲೆ ಕೈಯಿಟ್ಟು ನಿಂತ. ಆಮೇಲೆ ಹಿತ್ತಲಿಗೆ ಹೋದ. ಈಗ ಅಲ್ಲಿ ಬಂಡಿಯ ಗಾಲಿ ಬಿಚ್ಚಿ ಎಣ್ಣೆ ಹಾಕುತ್ತಿದ್ದಾನೆ. ಗುರುವಾರ ಸ್ಟೇಶನ್ನಿನಲ್ಲಿ ಬಂಡಿ ಹಿಡಿದು ಯಾರು ನಿಂತಿದ್ದರೂ ಹತ್ತು.