ಆ ಡ್ರೈವರ್ ಮನೆಗೆ ಯಾರು ಹೇಳಿದರು?

ಸವಳಂಗ
ಬುಧವಾರ, 12 ನವೆಂಬರ್ 2025

ಪ್ರೀತಿಯ ಅತ್ತೆ,

ನಿಮ್ಮ ಸೊಸೆ ಸಂಧ್ಯಾರಾಣಿ ಮಾಡುವ ನಮಸ್ಕಾರ. ಮಂಡಿನೋವು ಹೇಗಿದೆ? ಸೊಕ್ಕೆಯಲ್ಲಿ ಬೆಳಗಿನ ಹೊತ್ತು ಚಳಿ ಜಾಸ್ತಿ ಎಂದು ಸುಚಿತ್ರಕ್ಕ ಹೇಳಿದರು. ಬಿ.ಪಿ. ಮಾತ್ರೆ ನುಂಗುತ್ತಿದ್ದೀರೋ, ಸೆರಗಿನ ತುದಿಗೆ ಕಟ್ಟಿಕೊಂಡು ಮರೆತುಬಿಡುತ್ತಿದ್ದೀರೋ? ಮಗಳ ಮನೆಯಲ್ಲಿ ಸಂಕೋಚ ಮಾಡಿಕೊಂಡು ಅರ್ಧ ಹೊಟ್ಟೆ ಉಣ್ಣಬೇಡಿ. ಫೋನ್ ಮಾಡಿದರೆ ನಾನು ಬಾಯಿ ತೆರೆಯುವಷ್ಟರಲ್ಲಿ "ತಡಿ, ಸುಚಿತ್ರನ ಕೈಗೆ ಕೊಡ್ತೀನಿ" ಅಂದುಬಿಡುತ್ತೀರಿ. ಅದಕ್ಕೇ ಈ ಕಾಗದ. ಸುಚಿತ್ರಕ್ಕಾ, ನಿಮ್ಮ ಅಮ್ಮನಿಗೆ ನಿಧಾನಕ್ಕೆ ಓದಿ ಹೇಳಿ. ಎದ್ದು ಹೋಗಲು ನೋಡಿದರೆ ಕೈ ಹಿಡಿದು ಕೂರಿಸಿಕೊಳ್ಳಿ.

ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಬಸ್ಸಿಗೆ ನ್ಯಾಮತಿಗೆ ಹೋಗುತ್ತೇನೆ, ರುದ್ರಾಣಿ ಮೇಡಂ ಅವರ ಟೈಲರಿಂಗ್ ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ, ಸಂಜೆ ಬರುತ್ತೇನೆ. ಮದುವೆ ಸೀಸನ್ ಆದ್ದರಿಂದ ಕೈ ತುಂಬ ಕೆಲಸ. ಮೊನ್ನೆ ಮಿಷನ್ ಸೂಜಿ ಬೆರಳಿಗೆ ಇಳಿದಿತ್ತು. ನನಗೆ ತಿಳಿಯಲೇ ಇಲ್ಲ. ಹಳದಿ ಬಟ್ಟೆ ಕೆಂಪಾಗಿದ್ದನ್ನು ನೋಡಿ ಮೇಡಂ ಕೂಗಿಕೊಂಡರು. ಟಿಂಚರ್ ಹಚ್ಚಿದಾಗಲೂ ಉರಿಯಲಿಲ್ಲ. ಗಾಬರಿ ಬೇಡ, ಗಾಯ ಒಣಗಿದೆ. ಅಡುಗೆ ಮಾಡುತ್ತೇನೆ, ಉಣ್ಣುತ್ತೇನೆ, ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಹೇಳಲಾರೆ. ಅಷ್ಟೇ.

ಸಿನಿಮಾ ವಿಷಯಕ್ಕೆ ಬರುತ್ತೇನೆ, ಅದನ್ನು ಬಿಟ್ಟರೆ ನಮ್ಮಿಬ್ಬರಿಗೆ ಬೇರೆ ಏನು ಮಾತು ಇತ್ತು ಹೇಳಿ. ನಿಮ್ಮ ಮಗ ಚನ್ನಗಿರಿಯಿಂದ ನಾಗಪುರಕ್ಕೆ ಲಾರಿಯಲ್ಲಿ ಅಡಿಕೆ ಲೋಡ್ ಹೊಡೆದು ಹಿಂದಿ ಕಲಿತರು, ನಾನು ಹಿಂದಿ ಸಿನಿಮಾ ನೋಡಿ ಕಲಿತೆ. ಅವರಿಗೆ ಗೂಢಚಾರರ ಸಿನಿಮಾ ಆಗಬೇಕು, ನನಗೆ ಮನೆ, ಸಂಸಾರ, ಜಗಳದ್ದು. "ನಿನ್ನ ಸಿನಿಮಾದಾಗೆ ಅಳಾದು ಬಿಟ್ರೆ ಏನೈತೆ?" ಎಂದು ಅವರು, "ನಿಮ್ಮದರಲ್ಲಿ ಓಡೋದು ಬಿಟ್ಟರೆ ಏನಿದೆ?" ಎಂದು ನಾನು. ಹಿಂದಿಯ ಒಂದಕ್ಷರ ಬಾರದ ನೀವು ನಮ್ಮಿಬ್ಬರ ಮಧ್ಯೆ ಕೂತು "ಈಗ ಏನಂದ? ಈಗ ಏನಂದ್ಲು?" ಎಂದು ಕೇಳುತ್ತಿದ್ದಿರಿ. ಅವರು ಇಲ್ಲವಾದ ಮೇಲೆ ಅರ್ಥ ಹೇಳುವ ಕೆಲಸ ಪೂರ್ತಿ ನನಗೇ ಬಂತು. ನನಗೆ ತಿಳಿಯದ ಕಡೆ ಏನೋ ಒಂದು ಸೇರಿಸಿ ಹೇಳಿದರೆ ನಿಮಗೆ ಗೊತ್ತಾಗಿಬಿಡುತ್ತಿತ್ತು. "ಅವ್ನ ಮುಖ ನೋಡಿದ್ರೆ ಹಂಗಂದಿಲ್ಲ ಬಿಡವ್ವ" ಎನ್ನುತ್ತಿದ್ದಿರಿ.

ನನ್ನ ಅಭಿಪ್ರಾಯ ಈಗ ಬದಲಾಗಿದೆ ಅತ್ತೆ. ಸಂಸಾರದ ಸಿನಿಮಾಗಳನ್ನು ನೋಡಲಾಗುವುದಿಲ್ಲ. ಗಂಡ ಸತ್ತರೆ ಹೆಂಡತಿ ಬಳೆ ಒಡೆದುಕೊಂಡು ಕಿರುಚಲೇಬೇಕು, ಅತ್ತೆ ಆದವಳು ಇಲ್ಲವೇ ಹೊರಗೆ ದಬ್ಬಬೇಕು ಇಲ್ಲವೇ ದೇವರ ಫೋಟೋದ ಹಾಗೆ ನಿಂತು ಹರಸಬೇಕು. ಮಣ್ಣು ಮಾಡಿದ ದಿನ ನನ್ನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಪಕ್ಕದ ಮನೆಯ ಕೊಲ್ಲಾಪುರಮ್ಮ ಎಲ್ಲರಿಗೂ ಕೇಳುವ ಹಾಗೆ "ಹೆಂಗೆ ಕುಂತಾಳೆ ನೋಡ್ರಿ, ಕಲ್ಲು" ಅಂದಾಗ, ಅಳುತ್ತಿದ್ದ ನೀವು ಅಳು ನಿಲ್ಲಿಸಿ "ಅವ್ಳ ಕಣ್ಣು ಅವ್ಳಿಗೆ ಬಿಡ್ರಿ" ಅಂದಿರಿ. ಅಂಥ ಅತ್ತೆಯನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ.

ಗೂಢಚಾರರ ಸಿನಿಮಾವೇ ವಾಸಿ ಎಂದುಕೊಂಡಿದ್ದೆ. ಅಲ್ಲಿ ಯಾರಿಗೂ ಏನೂ ಅನ್ನಿಸುವುದಿಲ್ಲ, ಗುಂಡು ಬಿದ್ದರೂ ಎದ್ದು ಕೋಟು ಕೊಡವುತ್ತಾರೆ. ಆದರೆ ದೀಪಾವಳಿಯ ಮುಂಚಿನ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಬಂದದ್ದು ನೆನಪಿರಬೇಕು. ಹೀರೋ ಸತ್ತ ಎಂದು ಅವನ ತಾಯಿಗೆ ಸುದ್ದಿ ಬರುತ್ತದೆ. ನೀವು "ಇವ್ನು ಬರ್ತಾನೇನು?" ಎಂದು ಕೇಳಿದಿರಿ. "ಬರ್ತಾನೆ ಅತ್ತೆ, ಇಂಟರ್‌ವಲ್ ಆದ ಮೇಲೆ" ಎಂದೆ. ಬಂದೂಬಿಟ್ಟ. ಆ ತಾಯಿ ಅವನ ಕೆನ್ನೆಗೆ ಒಂದೇಟು ಕೊಟ್ಟು ತಬ್ಬಿಕೊಂಡಳು. ನೀವು ಎದ್ದು ಟಿವಿ ಆರಿಸಿದಿರಿ. "ನಮ್ಮೋನು ಬರಾದಿಲ್ಲ ಸಂಧ್ಯಾ. ನಾನು ಇಲ್ಲಿ ಕುಂತಿರೋ ತನಕ ನೀನೂ ಎದ್ದು ಹೋಗಾದಿಲ್ಲ" ಅಂದಿರಿ. ಮಾರನೆಯ ಬೆಳಿಗ್ಗೆ ಬ್ಯಾಗು ಹಿಡಿದು, ಸುಚಿತ್ರನಿಗೆ ಶೇಂಗಾ ಬಿಡಿಸಾಕೆ ಆಳಿಲ್ಲವಂತೆ ಎಂದು ಸುಳ್ಳು ಹೇಳಿ ಹೊರಟಿರಿ. ಬಸ್ ಹತ್ತಿಸಿ ಬಂದು ನಾನು ಇಬ್ಬರಿಗಾಗುವಷ್ಟು ಮುದ್ದೆ ತಿರುವಿದೆ. ಬೇಜಾರು ಆಗಬೇಕಿತ್ತು. ಆಗಲಿಲ್ಲ.

ಹೋದ ಭಾನುವಾರ ರುದ್ರಾಣಿ ಮೇಡಂ ಬಲವಂತ ಮಾಡಿ ಶಿವಮೊಗ್ಗಕ್ಕೆ ಹೊಸ ಸಿನಿಮಾಕ್ಕೆ ಕರೆದುಕೊಂಡು ಹೋದರು. ಅದೂ ಗೂಢಚಾರರದೇ. ಶಿಳ್ಳೆಯೋ ಶಿಳ್ಳೆ. ಹೀರೋಗೆ ವಯಸ್ಸಾಗಿದೆ, ಹೊಟ್ಟೆ ಕಾಣದಂತೆ ಕೋಟು ಚೆನ್ನಾಗಿ ಹೊಲಿದಿದ್ದಾರೆ. ಕಥೆ ಏನಿಲ್ಲ, ಒಂದು ಪೆಟ್ಟಿಗೆಗಾಗಿ ಊರೂರು ಸುತ್ತುತ್ತಾರೆ. ಶುರುವಿನಲ್ಲೇ ಹೀರೋನನ್ನು ಏರ್‌ಪೋರ್ಟಿನಿಂದ ಕರೆದುಕೊಂಡು ಹೋಗಲು ಒಬ್ಬ ಡ್ರೈವರ್ ಬರುತ್ತಾನೆ. ಸಣಕಲ ಮನುಷ್ಯ, ನಗುತ್ತಾ ಬಾಗಿಲು ತೆಗೆಯುತ್ತಾನೆ. ಮುಂದಿನ ತಿರುವಿನಲ್ಲಿ ಕಾರಿಗೆ ಗುಂಡು ಬಿದ್ದು ಅವನು ಸಾಯುತ್ತಾನೆ. ಹೀರೋ ಡ್ರೈವರನ್ನು ಪಕ್ಕಕ್ಕೆ ತಳ್ಳಿ ಸ್ಟೀರಿಂಗ್ ಹಿಡಿಯುತ್ತಾನೆ, ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ಆ ಮನುಷ್ಯನ ಸುದ್ದಿ ಅಲ್ಲಿಗೆ ಮುಗಿಯಿತು. ನಾನು ಕಾಯುತ್ತಾ ಕೂತೆ. ಹಾಡು ಬಂತು, ಹೆಲಿಕಾಪ್ಟರ್ ಬಂತು, ಹಿಮದಲ್ಲಿ ಹೊಡೆದಾಟ ಬಂತು. "ಆ ಡ್ರೈವರ್ ಮನೆಗೆ ಯಾರು ಹೇಳಿದರು ಮೇಡಂ?" ಎಂದು ಕೇಳಿದೆ. ಜೋರಾಗಿ ಕೇಳಿದ್ದೆನೇನೋ, ಮುಂದಿನ ಸಾಲಿನವರು ತಿರುಗಿ ನೋಡಿದರು. ಮೇಡಂ ನನ್ನನ್ನು ಹೊರಗೆ ಕರೆದುಕೊಂಡು ಬಂದು ಕಾಫಿ ಕೊಡಿಸಿದರು.

ನಮ್ಮ ಮನೆಗೆ ಹೇಳಿದವರು ಯಾರು ಎಂಬುದು ನಮ್ಮಿಬ್ಬರಿಗೇ ಗೊತ್ತು. ನಾಗಪುರದ ಆಚೆ ಲಾರಿ ಮಗುಚಿ, ಅಲ್ಲಿಯ ಪೊಲೀಸಿನವರು ಫೋನ್ ಮಾಡಿದ್ದು ಹಿಂದಿಯಲ್ಲಿ. ನೀವು ಅವರೆಕಾಯಿ ಸುಲಿಯುತ್ತಾ ನನ್ನ ಪಕ್ಕದಲ್ಲೇ ಕೂತಿದ್ದಿರಿ, ಟಿವಿ ಮುಂದೆ ಕೇಳುವ ಹಾಗೆಯೇ "ಏನಂತೆ? ಏನಂತೆ?" ಎಂದು ಕೇಳಿದಿರಿ. ನಾನು ಟಿವಿ ಮುಂದೆ ಹೇಳುವ ಹಾಗೆಯೇ ಕನ್ನಡದಲ್ಲಿ ಹೇಳಿದೆ. ಒಂದು ಮಾತು ಬಿಡಲಿಲ್ಲ, ಒಂದು ಮಾತು ಸೇರಿಸಲಿಲ್ಲ. ಆವತ್ತು ನೀವು "ಹಂಗಂದಿಲ್ಲ ಬಿಡವ್ವ" ಎಂದು ಹೇಳಲಿಲ್ಲ. ನಾನು ಆ ಸುದ್ದಿಯನ್ನು ನಿಮಗೆ ತಲುಪಿಸಿದೆ ಅತ್ತೆ, ನನಗೆ ಅದು ಇನ್ನೂ ತಲುಪಿಲ್ಲ ಅನ್ನಿಸುತ್ತದೆ. ಇದನ್ನು ಯಾರಿಗೂ ಹೇಳಿಲ್ಲ. ಬೇರೆ ಯಾರಿಗೆ ಹೇಳಿದರೂ ಅರ್ಥ ಆಗುವುದಿಲ್ಲ.

ಸುಚಿತ್ರಕ್ಕನಿಗೆ, ಅವರ ಯಜಮಾನರು ದಾಸಪ್ಪಣ್ಣನಿಗೆ ನನ್ನ ನಮಸ್ಕಾರ ಹೇಳಿ. ನಿಮ್ಮ ಕನ್ನಡಕದ ಡಬ್ಬಿ ಇಲ್ಲೇ ಮರೆತು ಹೋಗಿದ್ದೀರಿ, ಜೋಪಾನವಾಗಿದೆ. ನಿಮ್ಮ ಆರೋಗ್ಯ ನೋಡಿಕೊಳ್ಳಿ, ನನ್ನದನ್ನು ನಾನು ನೋಡಿಕೊಳ್ಳುತ್ತಿದ್ದೇನೆ.

ನಿಮ್ಮ ಪಾದಕ್ಕೆ ಬಿದ್ದು,
ನಿಮ್ಮ
ಸಂಧ್ಯಾರಾಣಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ದಾಸಪ್ಪಣ್ಣ ನನಗೆ ಸಂಬಂಧ ಎಂದು ಹೇಳಿದ ಜಗಳೂರಿನ ದುರುಗೇಶ್ ಅವರು ಫೋನ್ ಮಾಡಿದ್ದರು. ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತಂತೆ, ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಈ ಸಂಬಂಧ ಹುಡುಕಿಸಿದ್ದು ನೀವೇ ಎಂದೂ, ಹೆಣ್ಣು ನೋಡುವ ದಿನ ಹಳೇ ಅತ್ತೆ ಅಲ್ಲಿ ಇರಬಾರದು ಎಂದು ನೀವೇ ಹೇಳಿದ್ದೀರಿ ಎಂದೂ ಆಗ ತಿಳಿಯಿತು. ನಾನು ಅವರಿಗೆ ನೇರವಾಗಿ ಹೇಳಿದೆ, ನಾನು ಎಲ್ಲಿಗೆ ಬಂದರೂ ನಮ್ಮತ್ತೆ ನನ್ನ ಜೊತೆ ಬರ್ತಾರೆ ಎಂದು. ಅವರು ತಕ್ಷಣ ಹೂಂ ಅನ್ನಲಿಲ್ಲ. "ಯೋಚ್ನೆ ಮಾಡಿ ಹೇಳ್ತೀನ್ರಿ" ಎಂದರು. ಮಾರನೆಯ ದಿನ ಅವರೇ ಫೋನ್ ಮಾಡಿ, "ನಮ್ಮನೆ ಸಣ್ದು, ಅವ್ರಿಗೆ ಹೊಂದಿಕೆ ಆದ್ರೆ ಬರ್ಲಿ" ಎಂದರು. ಯೋಚಿಸಿ ಹೇಳಿದ್ದು ನನಗೆ ಸರಿ ಅನ್ನಿಸಿತು. ಇಷ್ಟವೋ ಕಷ್ಟವೋ ನನಗೆ ತಿಳಿಯುತ್ತಿಲ್ಲ. ಮನುಷ್ಯರ ಮುಖ ನೋಡಿ ಹೇಳುವವರು ನೀವು. ಇಪ್ಪತ್ಮೂರನೇ ತಾರೀಖು ಭಾನುವಾರ ಬರುತ್ತಾರೆ. ನನ್ನ ಕಡೆಯಿಂದ ಕೂರುವುದಕ್ಕೆ ನನಗೆ ತಾಯಿ ಇಲ್ಲ. ನೀವು ಶನಿವಾರದ ಬಸ್ಸಿಗೇ ಬನ್ನಿ. ನೀವು ಬರದಿದ್ದರೆ ಅವರಿಗೂ ಬರಬೇಡಿ ಎಂದು ಹೇಳುತ್ತೇನೆ.